ಮೊದಲು ಕೈಯಿಂದ ಎರಡು ಸುತ್ತು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನನಗೆ ಕೊಟ್ಟ ವಿಷಯ ‘ತಂತ್ರಜ್ಞಾನ ಮತ್ತು ಗ್ರಾಮೀಣ ವಿದ್ಯಾರ್ಥಿ’. ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿ ಇದ್ದೇನೆ. ಆದ್ದರಿಂದ ಕಂಪ್ಯೂಟರ್ ಬಗ್ಗೆ ಮಾತಾಡುತ್ತೇನೆಂದು ಸಂಘಟಕರು ಎಣಿಸಿರಬೇಕು. ಆದರೆ ನಾನು ಕಲಿತ ಮೊದಲ ತಂತ್ರಜ್ಞಾನ ಪಾಠ ಕಂಪ್ಯೂಟರಿನದಲ್ಲ. ಅದನ್ನು ಕಲಿತದ್ದು ಈ ಶಾಲೆಯಿಂದ ಹತ್ತು ನಿಮಿಷ ನಡೆದರೆ ಸಿಗುವ, ಹೆದ್ದಾರಿ ಪಕ್ಕದ ಒಂದು ತಗಡಿನ ಗ್ಯಾರೇಜಿನಲ್ಲಿ. ಇವತ್ತು ಅದರ ಬಗ್ಗೆಯೇ ಹೇಳುತ್ತೇನೆ. ಕೊನೆಗೆ ಈ ಊರಿನವರ ಮುಂದೆ ಒಪ್ಪಿಕೊಳ್ಳಬೇಕಾದ ಒಂದು ಹಳೆಯ ತಪ್ಪೂ ಇದೆ.

ನಮ್ಮ ಊರಿಗೆ ಹೆದ್ದಾರಿಯೇ ಒಂದು ಶಾಲೆ. ಪುಣೆಯಿಂದ ಬೆಂಗಳೂರಿಗೆ ಹೋಗುವ ಈ ರಸ್ತೆಗೆ ನಾವು ಓದುವಾಗ ನಾಲ್ಕನೆಯ ನಂಬರು, ಈಗ ನಲವತ್ತೆಂಟು. ಅತ್ತ ದೂಧಗಂಗಾ ದಾಟಿದರೆ ಕಾಗಲ, ಕೊಲ್ಲಾಪುರ. ಇತ್ತ ನಿಪ್ಪಾಣಿ, ತವಂದಿ ಘಾಟ. ಘಾಟ ಏರಿ ಬಿಸಿಯಾದ ಲಾರಿ, ಬೆಲ್ಟ್ ಹರಿದ ಕಾರು, ನೀರು ಕುಡಿಯುವ ಟೆಂಪೊ, ಎಲ್ಲವೂ ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಹಾಗೆ ನಿಂತ ಗಾಡಿಗಳನ್ನು ನೋಡುತ್ತಲೇ ನಮ್ಮಲ್ಲಿ ಎಷ್ಟೋ ಹುಡುಗರು ಪಾನಾ ಹಿಡಿಯುವುದು ಕಲಿತರು.

ಹತ್ತನೆಯ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಅಪ್ಪ ನನ್ನನ್ನು ಆ ಗ್ಯಾರೇಜಿಗೆ ಕರೆದುಕೊಂಡು ಹೋಗಿ, ‘ಎರಡ ತಿಂಗಳ ಕೂಡ್ರಿಸ್ಕೋ, ಖಾಲಿ ತಿರುಗತಾನ’ ಎಂದು ಬಿಟ್ಟು ಬಂದರು. ಮಿಸ್ತ್ರಿ ನಮ್ಮ ಶಾಲೆಯವರೇ. ಒಂಬತ್ತನೆಯ ತರಗತಿಯಲ್ಲಿ ಮನೆಯ ತಾಪತ್ರಯದಿಂದ ಶಾಲೆ ಬಿಟ್ಟವರು. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ, ಈಗಲೂ ಅನ್ನುತ್ತೇನೆ. ಮೊದಲ ಹದಿನೈದು ದಿನ ನನಗೆ ಕೊಟ್ಟ ಕೆಲಸ ಬೋಲ್ಟುಗಳನ್ನು ಡೀಸೆಲ್ಲಿನಲ್ಲಿ ತೊಳೆದು ಅಳತೆ ಪ್ರಕಾರ ಡಬ್ಬಿಗೆ ಹಾಕುವುದು, ಅಷ್ಟೇ. ಹದಿನಾರನೆಯ ದಿನ ಕಾಕಾ ಒಂದು ಸಾಕೆಟ್ಟು, ಅದಕ್ಕೊಂದು ಟಾಮಿ ಕೈಗೆ ಕೊಟ್ಟು, ‘ಬಾ, ಇಂಜಿನ್ ತಿರುವು’ ಎಂದರು.

ಮುಂದಿನ ಸಾಲಿನ ಮಕ್ಕಳಿಗೆ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಕಾರಿನ ಇಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಆ ಓಡಾಟವನ್ನು ಸುತ್ತುವ ಚಲನೆಯಾಗಿ ಮಾಡುವುದು ಕ್ರ್ಯಾಂಕ್ ಶಾಫ್ಟ್. ನಾಲ್ಕು ಹೊಡೆತದ ಇಂಜಿನ್ ಎಂದರೆ ಪಿಸ್ಟನ್ ಒಮ್ಮೆ ಗಾಳಿ ಒಳಗೆ ಎಳೆಯುತ್ತದೆ, ಒಮ್ಮೆ ಅದನ್ನು ಒತ್ತುತ್ತದೆ, ಇಂಧನ ಉರಿದಾಗ ಒಮ್ಮೆ ಕೆಳಗೆ ತಳ್ಳಲ್ಪಡುತ್ತದೆ, ಮತ್ತೊಮ್ಮೆ ಹೊಗೆ ಹೊರಗೆ ಹಾಕುತ್ತದೆ. ಈ ನಾಲ್ಕೂ ಮುಗಿಯಲು ಕ್ರ್ಯಾಂಕ್ ಎರಡು ಸುತ್ತು ಸುತ್ತಬೇಕು, ಅಂದರೆ 720 ಡಿಗ್ರಿ. ಮೇಲೆ ಹೆಡ್ಡಿನಲ್ಲಿ ವಾಲ್ವುಗಳಿವೆ. ಅವು ಗಾಳಿ ಬರುವ ಬಾಗಿಲು, ಹೊಗೆ ಹೋಗುವ ಬಾಗಿಲು. ಅವುಗಳನ್ನು ತೆರೆಯುವುದು ಕ್ಯಾಮ್ ಶಾಫ್ಟ್. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದೇ ಸುತ್ತು. ಇವೆರಡನ್ನು ಕಟ್ಟಿ ಹಾಕುವುದು ಹಲ್ಲಿರುವ ಟೈಮಿಂಗ್ ಬೆಲ್ಟು, ಇಲ್ಲವೇ ಸರಪಳಿ.

ವಾಲ್ವು ಕೆಳಗೆ ಇಳಿದಾಗ ಪಿಸ್ಟನ್ ಮೇಲೆ ಬರಬಾರದು. ಪಿಸ್ಟನ್ ಮೇಲೆ ಬಂದಾಗ ವಾಲ್ವು ಇಳಿದಿರಬಾರದು. ಒಂದೇ ಓಣಿಯಲ್ಲಿ ಎದುರುಬದರು ಬರುವ ಎರಡು ಚಕ್ಕಡಿಗಳಿದ್ದ ಹಾಗೆ: ಒಂದು ಸರಿದ ಮೇಲೆ ಇನ್ನೊಂದು ಹೋಗಬೇಕು. ಇಂಜಿನ್ ನಿಮಿಷಕ್ಕೆ 3000 ಸುತ್ತು ಓಡುವಾಗ ಒಂದೊಂದು ವಾಲ್ವು ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಬೆಲ್ಟು ಸರಿಯಾಗಿ ಕೂತಿರುವ ತನಕ ಡಿಕ್ಕಿ ಇಲ್ಲ. ಬೆಲ್ಟಿನ ಹಲ್ಲು ತಪ್ಪಿದರೆ ಎಷ್ಟೋ ಇಂಜಿನ್ನುಗಳಲ್ಲಿ ಪಿಸ್ಟನ್ನು ವಾಲ್ವಿಗೆ ಹೊಡೆದು ವಾಲ್ವು ಬಾಗುತ್ತದೆ. ಡೀಸೆಲ್ ಇಂಜಿನ್ನಿನಲ್ಲಂತೂ ಜಾಗ ಇನ್ನೂ ಇಕ್ಕಟ್ಟು. ಗಾಳಿಯನ್ನು ಪೆಟ್ರೋಲ್ ಇಂಜಿನ್ ಸುಮಾರು ಹತ್ತು ಪಟ್ಟು ಒತ್ತಿದರೆ, ಹಳೆಯ ಡೀಸೆಲ್ ಕಾರುಗಳು ಇಪ್ಪತ್ತು ಪಟ್ಟಿಗೂ ಮೇಲೆ ಒತ್ತುತ್ತವೆ. ಪಿಸ್ಟನ್ ಹೆಡ್ಡಿಗೆ ಹತ್ತಿ ಬಂದು ನಿಲ್ಲುತ್ತದೆ.

ಅದಕ್ಕಾಗಿ ಬೆಲ್ಟು ಬದಲಿಸಿದ ಮೇಲೆ ಮಿಸ್ತ್ರಿಗಳು ಒಂದು ನಿಯಮ ಪಾಲಿಸುತ್ತಾರೆ. ಚಾವಿ ತಿರುಗಿಸುವ ಮುಂಚೆ ಇಂಜಿನ್ನನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ನೋಡಬೇಕು. ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಟ್ಟು, ಬ್ಯಾಟರಿಯ ಮೈನಸ್ ವೈರು ಬಿಚ್ಚಬೇಕು. ಪೆಟ್ರೋಲ್ ಗಾಡಿಯಾದರೆ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಆದರೆ ಗ್ಲೋ ಪ್ಲಗ್ಗು ತೆಗೆದರೆ ಒಳಗಿನ ಗಾಳಿಗೆ ದಾರಿ ಸಿಗುತ್ತದೆ, ಕೈಗೆ ಹಗುರಾಗುತ್ತದೆ. ಆಮೇಲೆ ಕೆಳಗಿನ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ಟು ಕೂಡಿಸಿ, ಇಂಜಿನ್ ಓಡುವ ದಿಕ್ಕಿಗೇ ನಿಧಾನವಾಗಿ ತಿರುಗಿಸಬೇಕು. ಹೆಚ್ಚಿನ ಗಾಡಿಗಳಲ್ಲಿ ಪುಲ್ಲಿಯ ಎದುರು ನಿಂತು ನೋಡಿದರೆ ಅದು ಗಡಿಯಾರದ ದಿಕ್ಕು. ಹಿಂದಕ್ಕೆ ತಿರುಗಿಸಬಾರದು, ಬೆಲ್ಟು ಸಡಿಲಾಗಿ ಹಲ್ಲು ಜಿಗಿಯಬಹುದು, ಬೋಲ್ಟೂ ಬಿಚ್ಚಬಹುದು. ಮೇಲಿನ ಕ್ಯಾಮ್ ಗಾಲಿಯ ಬೋಲ್ಟಿನಿಂದ ತಿರುಗಿಸಬಾರದು, ಬೆಲ್ಟಿನ ಮೇಲೆ ಇಲ್ಲದ ಭಾರ ಬೀಳುತ್ತದೆ. ಎರಡು ಸುತ್ತು ಮುಗಿದ ಮೇಲೆ ಕೆಳಗಿನ ಗುರುತು, ಮೇಲಿನ ಗುರುತು ಎರಡೂ ಮತ್ತೆ ತಮ್ಮ ತಮ್ಮ ಜಾಗಕ್ಕೆ ಬಂದು ನಿಲ್ಲಬೇಕು. ನಿಂತರೆ ಕೆಲಸ ಸರಿ.

ಎರಡು ಸುತ್ತೇ ಏಕೆ ಎಂದು ಕಾಕಾ ನನ್ನನ್ನು ಕೇಳಿದರು. ನಾನು ತಲೆ ಕೆರೆದುಕೊಂಡೆ. ‘ಸಾಲ್ಯಾಗ ಲ.ಸಾ.ಅ. ಕಲಸ್ಯಾರೋ ಇಲ್ಲೋ? ಕೆಳಗಿನ ಗಾಲಿ ಎರಡ ಸುತ್ತ ಬಂದ್ರ ಮ್ಯಾಲಿಂದು ಒಂದ ಸುತ್ತ. ಅಂದ್ರ ಎಲ್ಲಾ ವಾಲು ಒಂದೊಂದ ಸಲ ತಗದ ಮುಚ್ಚಿದಾವ. ಒಂದ ಸುತ್ತಿಗೆ ಬಿಟ್ರ ಅರ್ಧಾ ವಾಲಿನ ಹಕೀಕತ್ತ ಗೊತ್ತಾಗೂದಿಲ್ಲ’ ಎಂದರು. ಲಘುತಮ ಸಾಮಾನ್ಯ ಅಪವರ್ತ್ಯಕ್ಕೆ ಇಂಥ ಉಪಯೋಗ ಇದೆಯೆಂದು ನನಗೆ ಅವತ್ತೇ ತಿಳಿದದ್ದು. ಹೇಳಿದವರು ಒಂಬತ್ತನೆಯ ತರಗತಿ ಮುಗಿಸಿರಲಿಲ್ಲ.

ಕೈಯಿಂದ ತಿರುಗಿಸುವಾಗ ಇಂಜಿನ್ ಮಾತಾಡುತ್ತದೆ. ಗಾಳಿ ಒತ್ತುವಾಗ ಟಾಮಿ ಬಿಗಿಯಾಗುತ್ತದೆ, ಆದರೆ ಆ ಬಿಗಿತ ಮೆತ್ತಗೆ, ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಒತ್ತಿದ ಹಾಗೆ. ಸ್ವಲ್ಪ ಹೊತ್ತು ತಡೆದರೆ ಗಾಳಿ ಸೋರಿ ಸಡಿಲಾಗುತ್ತದೆ. ಕಬ್ಬಿಣ ಕಬ್ಬಿಣಕ್ಕೆ ತಾಗಿದರೆ ಹಾಗಲ್ಲ, ಗೋಡೆಗೆ ತಾಗಿದ ಹಾಗೆ ಗಟ್ಟಿಯಾಗಿ ನಿಲ್ಲುತ್ತದೆ. ಅಲ್ಲಿ ಕೈ ನಿಲ್ಲಿಸಬೇಕು. ನಮ್ಮ ವಿಜ್ಞಾನದ ಗುರುಗಳು ಸನ್ನೆಕೋಲಿನ ಪಾಠದಲ್ಲಿ ಹಿಡಿಕೆ ಉದ್ದವಾದಷ್ಟೂ ಬಲ ಕಡಿಮೆ ಸಾಕು ಎಂದು ಕಲಿಸಿದ್ದರು. ಅದನ್ನು ನೆನೆದು ನಾನು ಟಾಮಿಗೆ ಒಂದು ಪೈಪು ಸಿಕ್ಕಿಸಿಕೊಂಡು ಬಂದೆ. ಕಾಕಾ ಅದನ್ನು ತೆಗೆದು ಬದಿಗಿಟ್ಟರು. ‘ಪೈಪ್ ಹಾಕಿದ್ರ ಇಂಜಿನ್ ತಿರಗತೈತಿ, ಖರೆ. ಆದ್ರ ಒಳಗ ಏನ ತಾಗಿತು ಅಂತ ನಿನ್ನ ಕೈಗೆ ತಿಳಿಯೂದಿಲ್ಲ’ ಎಂದರು.

ಸೆಲ್ಫಿಗೆ, ಅಂದರೆ ಸ್ಟಾರ್ಟರ್ ಮೋಟಾರಿಗೆ, ಈ ತಿಳಿವಳಿಕೆ ಇಲ್ಲ. ಬ್ಯಾಟರಿ ಹನ್ನೆರಡೇ ವೋಲ್ಟಿನದು. ಆದರೆ ಚಾವಿ ತಿರುಗಿಸಿದ ಆ ಕ್ಷಣ ನೂರಾರು ಆಂಪಿಯರ್ ಕರೆಂಟು ಹರಿಯುತ್ತದೆ. ಮೋಟಾರಿನ ಸಣ್ಣ ಗಾಲಿ ಫ್ಲೈವೀಲಿನ ದೊಡ್ಡ ಹಲ್ಲುಪಟ್ಟಿಯನ್ನು ತಿರುಗಿಸುವುದರಿಂದ ಅದರ ಬಲ ಹತ್ತು ಪಟ್ಟಿಗೂ ಹೆಚ್ಚಾಗುತ್ತದೆ. ಅಡ್ಡ ಬಂದದ್ದು ವಾಲ್ವೋ ಗಾಳಿಯೋ ಎಂದು ಅದು ಕೇಳುವುದಿಲ್ಲ.

ಈ ಕೈಕೆಲಸ ಇಲ್ಲಿ ಕೂತಿರುವ ಹಿರಿಯರಿಗೆ ಹೊಸದಲ್ಲ. ಒಂದು ಕಾಲಕ್ಕೆ ಗಾಡಿ ಶುರು ಮಾಡುತ್ತಿದ್ದುದೇ ಹಾಗೆ. ಹಳೆಯ ಅಂಬಾಸಿಡರ್, ಜೀಪುಗಳ ಮುಂಭಾಗದಲ್ಲಿ ಹ್ಯಾಂಡಲ್ ತೂರಿಸಲು ತೂತು ಇರುತ್ತಿತ್ತು. ಬ್ಯಾಟರಿ ಇಳಿದ ದಿನ ಡ್ರೈವರ್ ಸೀಟಿನ ಕೆಳಗಿಂದ ಹ್ಯಾಂಡಲ್ ತೆಗೆದು ಮುಂದೆ ಬಂದು ನಿಲ್ಲುತ್ತಿದ್ದ. ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಬೇಕು, ಹಿಡಿಕೆಯ ಸುತ್ತ ಸುತ್ತಬಾರದು. ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಮೇಲಿಂದ ಕೆಳಕ್ಕೆ ಒತ್ತಬಾರದು. ಇಂಜಿನ್ ತಿರುಗಿ ಒದ್ದರೆ ಹೆಬ್ಬೆರಳೋ ಮಣಿಕಟ್ಟೋ ಹೋಗುತ್ತಿತ್ತು. ಈ ಕಷ್ಟವನ್ನು ತಪ್ಪಿಸಿದ್ದು ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬ ಇಂಜಿನಿಯರ್. ಅವರು ರೂಪಿಸಿದ ಎಲೆಕ್ಟ್ರಿಕ್ ಸೆಲ್ಫ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಅದಕ್ಕೂ ಮೊದಲು ಅವರು ಅಂಗಡಿಯ ಹಣದ ಯಂತ್ರಕ್ಕೆ ಸಣ್ಣ ಮೋಟಾರು ಜೋಡಿಸಿದ್ದರು. ಸ್ವಲ್ಪ ಹೊತ್ತಿಗೆ ಮಾತ್ರ ಜೋರು ಬಲ ಕೊಟ್ಟರೆ ಸಾಕು ಎಂಬ ಆ ಅನುಭವವೇ ಕಾರಿನಲ್ಲಿ ಕೆಲಸಕ್ಕೆ ಬಂತು.

ಹೊಲಕ್ಕೆ ನೀರು ಹಾಯಿಸಿದವರಿಗೆ ಡೀಸೆಲ್ ಪಂಪಿನ ಇಂಜಿನ್ ಗೊತ್ತು. ಹೊಳೆದಂಡೆಯ ಕಬ್ಬಿಗೆ, ತಂಬಾಕಿಗೆ ಅದರಿಂದ ನೀರು ಎತ್ತಿದವರು ಇಲ್ಲಿ ಬಹಳ ಜನ ಇದ್ದೀರಿ. ಮೇಲಿನ ಸಣ್ಣ ಲಿವರ್ ಎತ್ತಿ ಹಿಡಿದರೆ ವಾಲ್ವು ತೆರೆದೇ ಇರುತ್ತದೆ, ಒಳಗೆ ಗಾಳಿ ಒತ್ತುವುದಿಲ್ಲ. ಹ್ಯಾಂಡಲ್ ಹೊಡೆದು ಹೊಡೆದು ಫ್ಲೈವೀಲಿಗೆ ವೇಗ ಬಂದ ಮೇಲೆ ಲಿವರ್ ಬಿಟ್ಟರೆ ‘ಡುಗ್ ಡುಗ್’ ಎಂದು ಹೊಗೆ ಉಗುಳಿ ಶುರುವಾಗುತ್ತದೆ. ಕಾಕಾ ಗ್ಲೋ ಪ್ಲಗ್ಗು ತೆಗೆಸುತ್ತಿದ್ದುದೂ ಅದೇ ಉಪಾಯ. ಕಿರ್ಲೋಸ್ಕರ್ ಎಂಬ ಹೆಸರು ನಮ್ಮ ಭಾಗದಲ್ಲಿ ಪಂಪಿಗೆ ಇನ್ನೊಂದು ಹೆಸರೇ ಆಗಿಹೋಗಿತ್ತು. ಆ ಮನೆತನದ ಉದ್ದಿಮೆ ಹುಟ್ಟು ಹಾಕಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ನಮ್ಮದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಶುರು ಮಾಡಿದ್ದು ಬೆಳಗಾವಿಯಲ್ಲಿ ಒಂದು ಸೈಕಲ್ ಅಂಗಡಿಯಿಂದ. ಆಮೇಲೆ ಕಬ್ಬಿಣದ ನೇಗಿಲು, 1910ರಲ್ಲಿ ಕಿರ್ಲೋಸ್ಕರವಾಡಿ. ಕೈಗೆ ಎಣ್ಣೆ ಹತ್ತಿಸಿಕೊಂಡ ಜನ ನಮ್ಮ ಜಿಲ್ಲೆಗೆ ಹೊಸಬರಲ್ಲ.

ಇನ್ನೊಂದು ಮಾತು, ಇದು ಎಲ್ಲರ ಉಪಯೋಗಕ್ಕೆ. 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈಯಲ್ಲಿ ನಮ್ಮ ಹೊಳೆಗಳು ಏನು ಮಾಡಿದವು ಎಂದು ನಿಮಗೆ ನಾನು ಹೇಳಬೇಕಿಲ್ಲ. ಯಮಗರ್ಣಿ ಹತ್ತಿರ ವೇದಗಂಗೆ ಹೆದ್ದಾರಿಗೇ ಬಂದು ಓಡಾಟ ನಿಂತಿತ್ತು. ನೀರು ಇಳಿದ ಮೇಲೆ ಗಾಡಿ ಒರೆಸಿ ಚಾವಿ ತಿರುಗಿಸುವುದು ಸಹಜ ಆಸೆ. ಅದೇ ದೊಡ್ಡ ತಪ್ಪು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಸಿಲಿಂಡರಿನಲ್ಲಿ ನೀರು ನಿಂತಿದ್ದರೆ ಪಿಸ್ಟನ್ ಅದಕ್ಕೆ ಹೊಡೆದು ಕನೆಕ್ಟಿಂಗ್ ರಾಡು ಬಾಗುತ್ತದೆ. ಸಾವಿರದಲ್ಲಿ ಮುಗಿಯುವ ಕೆಲಸ ಲಕ್ಷಕ್ಕೆ ಹೋಗುತ್ತದೆ. ಮುಳುಗಿದ ಗಾಡಿಗೆ ಚಾವಿ ಹಾಕಬೇಡಿ. ಬ್ಯಾಟರಿ ಬಿಚ್ಚಿಸಿ, ಎಳೆದೊಯ್ಯಿಸಿ, ತಿಳಿದವರಿಂದ ಪ್ಲಗ್ಗು ತೆಗೆಸಿ ಇಂಜಿನ್ನನ್ನು ಕೈಯಿಂದ ತಿರುಗಿಸಿ ನೀರು ಹೊರಗೆ ಹಾಕಿಸಿ. ಎಣ್ಣೆ, ಫಿಲ್ಟರು ಬದಲಾದ ಮೇಲೆ ಸೆಲ್ಫು. ಆ ಎರಡು ವರ್ಷ ಕಾಕಾ ಗ್ಯಾರೇಜಿನಲ್ಲಿ ಪ್ಲಗ್ಗು ತೆಗೆದು ಕೈಯಿಂದ ತಿರುಗಿಸಿದಾಗ ಕೆಂಪು ನೀರು ಚಿಮ್ಮುವುದನ್ನು ಕಂಡ ಗಾಡಿ ಮಾಲಕರು ಈ ಸಭೆಯಲ್ಲಿ ಇದ್ದೀರಿ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಅದೇ ಬೇಸಿಗೆಯ ಕೊನೆಯ ವಾರ. ಬಾಡಿಗೆ ಓಡುವ ಒಂದು ಡೀಸೆಲ್ ಕಾರು ಟೈಮಿಂಗ್ ಬೆಲ್ಟ್ ಬದಲಿಸಲು ಬಂದಿತ್ತು. ಅದರ ಮಾಲಕರು ನಮ್ಮ ಊರಿನವರೇ. ಮರುದಿನ ಮುಂಜಾನೆ ಮದುವೆಯವರನ್ನು ಕೊಲ್ಲಾಪುರಕ್ಕೆ ಕರೆದೊಯ್ಯುವ ಬಾಡಿಗೆ ಅವರಿಗೆ ಇತ್ತು. ಸಂಜೆ ಕಾಕಾ ಒಂದು ಸಾಮಾನು ತರಲು ನಿಪ್ಪಾಣಿಗೆ ಹೋದರು. ಹೋಗುವಾಗ, ‘ಬೆಲ್ಟ್ ಏರಿಸಿ ಇಡು. ಚಾವಿಗೆ ಕೈ ಹಚ್ಚಬ್ಯಾಡ. ನಾ ಬಂದ ಮ್ಯಾಲ ಕೈಲೆ ತಿರುವೂಣು’ ಎಂದಿದ್ದರು.

ಬೆಲ್ಟು ಏರಿಸಿದೆ. ಕೆಳಗಿನ ಗುರುತು ಸರಿಯಾಗಿ ಕೂತಿತ್ತು. ವಾಲ್ವಿನ ಸ್ಪ್ರಿಂಗುಗಳ ಒತ್ತಡಕ್ಕೆ ಮೇಲಿನ ಕ್ಯಾಮ್ ಗಾಲಿ ಜಾರಿ ನಾಲ್ಕೈದು ಹಲ್ಲು ಸರಿದದ್ದನ್ನು ನಾನು ನೋಡಲಿಲ್ಲ. ಎರಡು ತಿಂಗಳಲ್ಲಿ ಎಲ್ಲ ಕಲಿತೆನೆಂಬ ಸೊಕ್ಕು ಇತ್ತು. ಕಾಕಾ ಬರುವುದರೊಳಗೆ ಗಾಡಿ ಚಾಲೂ ಮಾಡಿ ತೋರಿಸಬೇಕೆಂಬ ಹುರುಪು ಇತ್ತು. ಕೈಯಿಂದ ತಿರುಗಿಸಲು ಬೇಕಾದದ್ದು ಐದು ನಿಮಿಷ. ಆ ಐದು ನಿಮಿಷ ಉಳಿಸಿ, ಬ್ಯಾಟರಿಯ ವೈರು ಜೋಡಿಸಿ, ಚಾವಿ ತಿರುಗಿಸಿದೆ.

ಒಂದು ಅರ್ಧ ಸುತ್ತು ಬಂದಿರಬೇಕು. ‘ಟಕ್’ ಎಂದಿತು. ಆ ಸಪ್ಪಳ ದೊಡ್ಡದೇನೂ ಅಲ್ಲ, ಚಮಚ ನೆಲಕ್ಕೆ ಬಿದ್ದಷ್ಟು. ಇನ್ನೊಮ್ಮೆ ಚಾವಿ ತಿರುಗಿಸಿದೆ, ಅದು ಮೊದಲಿನದಕ್ಕಿಂತ ದೊಡ್ಡ ತಪ್ಪು. ಆಮೇಲೆ ಗಾಡಿ ಮುಂದೆ ಸುಮ್ಮನೆ ಕೂತುಬಿಟ್ಟೆ.

ಕಾಕಾ ಬಂದರು, ನನ್ನ ಮುಖ ನೋಡಿದರು, ಏನೂ ಕೇಳಲಿಲ್ಲ. ಗ್ಲೋ ಪ್ಲಗ್ಗು ಬಿಚ್ಚಿ ಟಾಮಿ ಹಾಕಿ ತಿರುಗಿಸಿದರು. ಗಟ್ಟಿಯಾಗಿ ನಿಂತಿತು. ರಾತ್ರಿಯೇ ಹೆಡ್ಡು ಇಳಿಸಿದೆವು. ಎಂಟು ವಾಲ್ವುಗಳಲ್ಲಿ ಐದು ಬಾಗಿದ್ದವು.

ಮರುದಿನ ಬೆಳಿಗ್ಗೆ ಮಾಲಕರು ಬಂದರು. ಮದುವೆಯವರು ಅವರ ಮನೆಯ ಮುಂದೆ ಕಾಯುತ್ತಿದ್ದರು. ‘ಮಿಸ್ತ್ರಿ, ನಿನ್ನ ನಂಬಿ ಗಾಡಿ ಬಿಟ್ಟಿದ್ನಿ’ ಎಂದು ಶುರುವಾಗಿ, ಹತ್ತು ಜನರ ಮುಂದೆ ಬಾಯಿಗೆ ಬಂದದ್ದೆಲ್ಲ ಅಂದರು. ಅವರದೂ ತಪ್ಪಿಲ್ಲ, ಬಾಡಿಗೆ ಹೋಗಿತ್ತು, ಮಾತು ಹೋಗಿತ್ತು. ನಾನು ಎಣ್ಣೆಯ ಡಬ್ಬಿಗಳ ಹಿಂದೆ ನಿಂತಿದ್ದೆ. ಕಾಕಾ ನನ್ನ ಕಡೆ ತಿರುಗಿಯೂ ನೋಡದೆ, ‘ಗ್ಯಾರೇಜ್ ನಂದರಿ, ತಪ್ಪೂ ನಂದ. ನಾಕ ದಿನ ಕೊಡ್ರಿ, ಮೊದಲಿನಂಗ ಮಾಡಿ ಕೊಡ್ತೀನಿ. ನಿಮ್ಮ ರೊಕ್ಕಾ ಬ್ಯಾಡ’ ಎಂದರು. ವಾಲ್ವುಗಳ ಹಣ ಅವರೇ ಹಾಕಿದರು. ಹೊಸ ವಾಲ್ವುಗಳಿಗೆ ಪೇಸ್ಟು ಹಚ್ಚಿ, ಅವು ಕೂರುವ ಜಾಗಕ್ಕೆ ಸರಿಹೊಂದುವ ತನಕ ಕೈಯಲ್ಲಿ ತಿಕ್ಕುವ ಕೆಲಸ ನನಗೆ ಕೊಟ್ಟರು. ಎರಡು ದಿನ ತಿಕ್ಕಿದೆ. ಬಯ್ಯಲಿಲ್ಲ. ಹೆಡ್ಡು ಕೂಡಿಸಿದ ಮೇಲೆ ಟಾಮಿ ನನ್ನ ಕೈಗೇ ಕೊಟ್ಟು ಎದುರು ನಿಂತರು. ಎರಡು ಸುತ್ತು ತಿರುಗಿಸಿದೆ. ಗುರುತುಗಳು ಜಾಗಕ್ಕೆ ಬಂದವು. ‘ಇನ್ನೆರಡ ಸುತ್ತ’ ಎಂದರು. ಮತ್ತೆ ತಿರುಗಿಸಿದೆ. ‘ಈಗ ಚಾವಿ’ ಎಂದರು.

ಆ ಮಾಲಕರು ಮುಂದೆ ಆ ಗ್ಯಾರೇಜಿಗೆ ಬರಲಿಲ್ಲ. ‘ಆ ಮಿಸ್ತ್ರಿ ಗಾಡಿ ಕೆಡಸ್ತಾನ’ ಎಂಬ ಮಾತು ಊರಲ್ಲಿ ಕೆಲವು ವರ್ಷ ಓಡಾಡಿತು. ನನ್ನ ಕಿವಿಗೂ ಬಿತ್ತು. ನಾನು ಕಾಲೇಜಿಗೆ ಹೋದೆ, ಇಂಜಿನಿಯರ್ ಆದೆ, ನೌಕರಿ ಹಿಡಿದೆ. ಊರಿಗೆ ಬಂದಾಗ ಕಾಕಾನಿಗೆ ನಮಸ್ಕಾರ ಮಾಡಿ ಚಹಾ ಕುಡಿದು ಹೋಗುತ್ತಿದ್ದೆ. ಈ ಮಾತು ಮಾತ್ರ ಬಾಯಿ ಬಿಟ್ಟು ಆಡಲಿಲ್ಲ. ಅವರೂ ಎತ್ತಲಿಲ್ಲ. ನಾಚಿಕೆ ಮೊದಲು ಇತ್ತು, ಆಮೇಲೆ ತಡವಾಯಿತು ಎಂಬ ನೆಪ ಸಿಕ್ಕಿತು.

ಇವತ್ತು ಈ ಊರಿನ ಎದುರು ಹೇಳುತ್ತಿದ್ದೇನೆ: ಆ ಗಾಡಿ ಕೆಟ್ಟದ್ದು ನನ್ನಿಂದ. ಮಿಸ್ತ್ರಿಯಿಂದಲ್ಲ. ಅವರು ಬೇಡವೆಂದು ಹೇಳಿ ಹೋಗಿದ್ದರು. ಆ ಮಾಲಕರ ಮನೆಗೆ ನಿನ್ನೆ ಹೋಗಿ ಇದನ್ನು ಹೇಳಿ ಬಂದಿದ್ದೇನೆ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಇದನ್ನ ಅಂವಗ ಕೇಳೂಹಂಗ ಹೇಳು’ ಎಂದರು. ಅದಕ್ಕೇ ಮೈಕಿನ ಮುಂದೆ ಹೇಳುತ್ತಿದ್ದೇನೆ. ಭಾಷಣ ಗಾಳಿಗೆ ಹೋಗುತ್ತದೆ, ಆದ್ದರಿಂದ ಇದನ್ನು ಸ್ಮರಣ ಸಂಚಿಕೆಯಲ್ಲೂ ಅಚ್ಚು ಹಾಕಿರೆಂದು ಸಂಪಾದಕ ಮಂಡಳಿಯನ್ನು ಕೇಳಿಕೊಂಡಿದ್ದೇನೆ. ಕಾಕಾ ಹಿಂದಿನ ಸಾಲಿನಲ್ಲಿ, ಬಾಗಿಲ ಹತ್ತಿರ ಕೂತಿದ್ದಾರೆ. ನಾನು ವೇದಿಕೆಯಿಂದ ಇಳಿದ ಮೇಲೆ ಮೊದಲು ಅಲ್ಲಿಗೇ ಹೋಗುತ್ತೇನೆ.

ನನ್ನ ಈಗಿನ ಕೆಲಸದಲ್ಲೂ ಅದೇ ಪಾಠ ನಡೆಯುತ್ತಿದೆ. ಸಾವಿರಾರು ಜನರ ಲೆಕ್ಕ ಇರುವ ಮಾಹಿತಿಯ ಮೇಲೆ ಒಂದು ಹೊಸ ಪ್ರೋಗ್ರಾಮು ಓಡಿಸಬೇಕಾದಾಗ ಎಲ್ಲರಿಗೂ ಅವಸರ ಇರುತ್ತದೆ. ನಾನು ಮೊದಲು ಅದರ ನಕಲು ಪ್ರತಿಯ ಮೇಲೆ, ಒಂದೊಂದೇ ಹೆಜ್ಜೆ ನಿಲ್ಲಿಸಿ ನಿಲ್ಲಿಸಿ, ಪೂರ್ತಿ ಒಂದು ಸುತ್ತು ಓಡಿಸಿ ನೋಡುತ್ತೇನೆ. ತಡವಾಯಿತೆಂದು ಬೈಸಿಕೊಂಡಿದ್ದೂ ಇದೆ. ಎಲ್ಲೋ ಗಟ್ಟಿಯಾಗಿ ತಾಗಿ ನಿಂತಾಗ ಬೈದವರೇ ಬಂದು ಪಕ್ಕದಲ್ಲಿ ಕೂತದ್ದೂ ಇದೆ. ಆಗೆಲ್ಲ ನನಗೆ ಆ ಟಾಮಿಯ ನೆನಪು.

ಕೊನೆಗೆ ಒಂದು ವಿನಂತಿ. ಸುವರ್ಣ ಮಹೋತ್ಸವದ ನಿಧಿಯಲ್ಲಿ ಕಮಾನು ಕಟ್ಟಿಸುವ ಮಾತು ನಡೆದಿದೆ. ಕಟ್ಟಿಸಿ, ಚೆಂದವೇ. ನನ್ನ ಪಾಲಿನ ದೇಣಿಗೆಯನ್ನು ಮಾತ್ರ ಬೇರೆ ಕೆಲಸಕ್ಕೆ ಕೊಡಲು ಅಪ್ಪಣೆ ಬೇಡುತ್ತೇನೆ. ಗುಜರಿಯಲ್ಲಿ ಸಿಗುವ ಒಂದು ನಾಲ್ಕು ಸಿಲಿಂಡರಿನ ಇಂಜಿನ್ ತಂದು, ಒಂದು ಬದಿ ಕತ್ತರಿಸಿ ಒಳಗೆ ಕಾಣುವಂತೆ ಮಾಡಿ, ಸ್ಟ್ಯಾಂಡಿನ ಮೇಲೆ ಕೂಡಿಸಿ, ಮುಂದೆ ಒಂದು ಹಿಡಿಕೆ ಹಾಕಿ ವಿಜ್ಞಾನದ ಕೋಣೆಯಲ್ಲಿ ಇಡೋಣ. ಹುಡುಗರೂ ಹುಡುಗಿಯರೂ ಅದನ್ನು ಕೈಯಿಂದ ತಿರುಗಿಸಿ, ಪಿಸ್ಟನ್ ಏರುವುದನ್ನೂ ವಾಲ್ವು ತೆರೆಯುವುದನ್ನೂ ಕಣ್ಣಾರೆ ನೋಡಲಿ. ಮುಖ್ಯೋಪಾಧ್ಯಾಯರು ಜಾಗ ತೋರಿಸಿದ್ದಾರೆ. ಕತ್ತರಿಸಿ ಜೋಡಿಸಿ ಕೊಡಲು ಕಾಕಾ ಒಪ್ಪಿದ್ದಾರೆ. ಒಂಬತ್ತನೆಯ ತರಗತಿಗೆ ಈ ಶಾಲೆ ಬಿಟ್ಟವರು ಒಂಬತ್ತನೆಯ ತರಗತಿಯ ಮಕ್ಕಳಿಗೆ ಮೊದಲ ಪಾಠ ಮಾಡಲಿ ಎಂಬುದು ನನ್ನ ಆಸೆ. ಅವರಿಗೆ ಈ ವಿಷಯ ಇನ್ನೂ ಹೇಳಿಲ್ಲ, ಈಗ ಕೇಳಿಸಿರಬೇಕು.